ಹೆದರಿದ ನಾಯಿ ಮನೆಗೆ ಬಂದಾಗ



ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ನಮ್ಮ ಗುಲಾಬಿ, ಟೊಮೆಟೊ, ಕೊತ್ತಂಬರಿ ಸೊಪ್ಪು ಬೆಳಗಾಗುವಷ್ಟರಲ್ಲಿ ಅಲ್ಲಿರುತ್ತವೆ. ಹಿಂದಕ್ಕೆ ಬರುವ ಗಾಡಿಯಲ್ಲಿ ಈಚೆಗೆ ಒಮ್ಮೊಮ್ಮೆ ನಾಯಿಯೂ ಬರುವುದನ್ನು ನಾವು ಕಾಣುತ್ತಿದ್ದೇವೆ. ಲ್ಯಾಬ್ರಡಾರ್, ಹಸ್ಕಿ, ಪಗ್ ಮುಂತಾದ ಪರದೇಶದ ಜಾತಿಯವು; ಪಟ್ಟಣದವರು ದುಡ್ಡು ಕೊಟ್ಟು ಕೊಂಡು, ಸಾಕಲಾರದೆ ಬೀದಿಗೆ ಬಿಟ್ಟವು. 2003ರಲ್ಲಿ ಹಚ್ ಫೋನಿನ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ನಾಯಿಯನ್ನು ನೋಡಿ ಎಷ್ಟು ಮನೆಗಳಲ್ಲಿ ಮಕ್ಕಳು ಹಟ ಹಿಡಿದರೋ! ಇಂಗ್ಲೆಂಡಿನ ಕ್ರಿಸ್ಟಲ್ ರೋಜರ್ಸ್ ಎಂಬ ಮಹಿಳೆ 1991ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾ ಸಂಸ್ಥೆಯಂಥವು ಇಂತಹ ನಾಯಿಗಳನ್ನು ಉಳಿಸಿ, ಬೇಕೆಂದವರಿಗೆ ಕೊಡುತ್ತವೆ. ತೋಟವಿರುವ ಮನೆಯೆಂದರೆ ಒಳ್ಳೆಯದೇ. ಆದರೆ ಅದನ್ನು ಕಾವಲಿಗೆಂದು ತಂದವರು ಒಂದು ವಾರದೊಳಗೆ, "ಇದು ಬೊಗಳುವುದೇ ಇಲ್ಲ, ಮೂಲೆ ಬಿಟ್ಟು ಏಳುವುದಿಲ್ಲ" ಎಂದು ಬೇಸರಪಡುತ್ತಾರೆ.

ಅದು ಸೋಮಾರಿತನವಲ್ಲ, ಭಯ. ಬ್ರಿಟನ್ನಿನ ಅನೇಕ ಕುಟುಂಬಗಳು ರೊಮೇನಿಯಾ ದೇಶದ ಬೀದಿನಾಯಿಗಳನ್ನು ತರಿಸಿಕೊಂಡು ಸಾಕುತ್ತವೆ. ದಿನಗಟ್ಟಲೆ ವ್ಯಾನಿನಲ್ಲಿ ಪ್ರಯಾಣ ಮಾಡಿ ಬಂದ ಆ ನಾಯಿಗಳಲ್ಲಿ ಎಷ್ಟೋ ಮನೆಯ ಒಳಭಾಗವನ್ನೇ ಕಂಡಿರುವುದಿಲ್ಲ. ಮೇಜಿನ ಕೆಳಗೆ ಸೇರಿದರೆ ಹೊರಗೆ ಬರುವುದಿಲ್ಲ. ಅಲ್ಲಿ ಅನುಭವಸ್ಥರು ಹೇಳುವ ಲೆಕ್ಕವೊಂದಿದೆ: ಗಾಬರಿ ಇಳಿಯಲು 3 ದಿನ, ಮನೆಯ ರೂಢಿ ತಿಳಿಯಲು 3 ವಾರ, ಇದು ನನ್ನ ಮನೆ ಎನ್ನಿಸಲು 3 ತಿಂಗಳು. ಇದು ಅಂದಾಜು ಮಾತ್ರ. ಬೋನಿನಲ್ಲಿಟ್ಟು ಮರಿ ಹಾಕಿಸಿದ ಹೆಣ್ಣುನಾಯಿಗೆ ವರ್ಷವೂ ಬೇಕಾಗಬಹುದು.

ಆದ್ದರಿಂದ ಮೊದಲ ದಿನಗಳಲ್ಲಿ ನೀವು ಮಾಡಬೇಕಾದ ಕೆಲಸ ಬಹಳ ಕಡಿಮೆ. ಗದ್ದಲವಿಲ್ಲದ ಒಂದು ಮೂಲೆ, ಗೋಣಿಚೀಲ, ನೀರು. ಅಷ್ಟೇ. ನೆರೆಹೊರೆಯವರನ್ನು ಕರೆದು ತೋರಿಸಬೇಡಿ. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಮೇಲಿಂದ ಕೈಚಾಚಿ ತಲೆ ಸವರಬೇಡಿ. ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ಕುಳಿತು ಅವರೆಕಾಯಿ ಬಿಡಿಸುತ್ತಿರಿ. ಅದೇ ಒಂದು ದಿನ ಬಂದು ಮೂಸುತ್ತದೆ. ಆಹಾರ ದಿನವೂ ಹೊತ್ತಿಗೆ ಸರಿಯಾಗಿ, ಒಂದೇ ಜಾಗದಲ್ಲಿ ಇರಲಿ. ರಾಗಿ ಅಂಬಲಿ, ಅನ್ನ, ಬೇಯಿಸಿದ ಮೊಟ್ಟೆ ಆಗುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ.

ಬಾಲ ಕಾಲಸಂದಿಗೆ ಸೇರುವುದು, ತುಟಿ ನೆಕ್ಕುವುದು, ನಿದ್ದೆಯಿಲ್ಲದೆಯೇ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವೆಲ್ಲ "ದೂರ ಇರು" ಎಂಬ ಮಾತೇ. ಗುರುಗುಟ್ಟಿದರೆ ಹೊಡೆಯುವ ಅಭ್ಯಾಸ ನಮ್ಮವರಲ್ಲಿ ಇದೆ. ಹಾಗೆ ಹೊಡೆಸಿಕೊಂಡ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಭಯವನ್ನು ಬಿಡುವುದಿಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಕಚ್ಚಿಸಿಕೊಳ್ಳುವುದು ಸಾಮಾನ್ಯವಾಗಿ ಮನೆಯ ಮಗು. ಚಿಕ್ಕ ಮಕ್ಕಳನ್ನು ಹೊಸ ನಾಯಿಯೊಂದಿಗೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ.

ತಂದ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ, ರೇಬೀಸ್ ಲಸಿಕೆಯ ಚೀಟಿ ಇಲ್ಲದಿದ್ದರೆ ಲಸಿಕೆ ಹಾಕಿಸಿ. ಮುಂದೆ ವರ್ಷಕ್ಕೊಮ್ಮೆ. ನಮ್ಮ ದೇಶದ ನಾಯಿ ಅಮೆರಿಕಕ್ಕೆ ಹೋಗಬೇಕಾದರೆ 2024ರ ಆಗಸ್ಟಿನಿಂದ 6 ತಿಂಗಳ ವಯಸ್ಸು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ರೇಬೀಸ್ ಲಸಿಕೆಯ ದಾಖಲೆ ಇರಬೇಕು. ಅವರು ಅಷ್ಟು ಹೆದರುವ ರೋಗಕ್ಕೆ ನಾವು ಚೀಟಿ ಕೇಳುವುದೂ ಇಲ್ಲ. ಕಚ್ಚಿದರೆ, ಪರಚಿ ರಕ್ತ ಬಂದರೆ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನ, ಒಂದನ್ನೂ ತಪ್ಪಿಸಬಾರದು. ಆಳವಾದ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಮದ್ದೂ ಬೇಕು, ಕೇಳಿ ಪಡೆಯಿರಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧವಿಲ್ಲ.

ಇನ್ನು ಓಡಿಹೋಗುವ ಅಪಾಯ. ಬೆದರಿದ ನಾಯಿ ಕುತ್ತಿಗೆಯ ಪಟ್ಟಿಯಿಂದ ಹಿಂದಕ್ಕೆ ಜಗ್ಗಿ ನುಸುಳುತ್ತದೆ, ಹೆದ್ದಾರಿಗೆ ಬೀಳುತ್ತದೆ. ಎದೆಗೂ ಸುತ್ತುವ ಪಟ್ಟಿ ಹಾಕಿ. ದೀಪಾವಳಿಯ ರಾತ್ರಿ ಒಳಗೇ ಇರಲಿ. ದಟ್ಟ ಕೂದಲಿನ ಹಸ್ಕಿಯಂಥವನ್ನು ಏಪ್ರಿಲ್, ಮೇ ತಿಂಗಳ ಕೃಷ್ಣಗಿರಿಯ ಬಿಸಿಲಿಗೆ ಕಟ್ಟಿದರೆ ಸಾಯುತ್ತವೆ. ಅಂಥದ್ದನ್ನು ತರದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಔಷಧಿ ಹೊಡೆದ ಟೊಮೆಟೊ ತೋಟಕ್ಕೂ ಇಲಿಪಾಷಾಣ ಇಟ್ಟ ಕಡೆಗೂ ಬಿಡಬೇಡಿ. ದನದ ಕೊಟ್ಟಿಗೆಯಲ್ಲಿ ಮಲಗುವ ನಾಯಿಯ ಕಿವಿ, ಬೆರಳಸಂದಿಗಳಲ್ಲಿ ಉಣ್ಣೆ ಇದೆಯೇ ಎಂದು ವಾರಕ್ಕೊಮ್ಮೆ ನೋಡಿ. ಡೆಂಕಣಿಕೋಟೆಯ ಕಡೆ ಕಾಡಂಚಿನಲ್ಲಿರುವವರು ರಾತ್ರಿ ನಾಯಿಯನ್ನು ಅಂಗಳದಲ್ಲಿ ಸರಪಳಿಗೆ ಕಟ್ಟಬೇಡಿ, ಒಳಗೆ ಕರೆದುಕೊಳ್ಳಿ. ಚಿರತೆ ಬಂದರೆ ಕಟ್ಟಿದ ನಾಯಿಗೆ ಓಡಲು ದಾರಿಯಿಲ್ಲ.