ಹಾಸಿಗೆಯೇ ಇಲ್ಲದ ಮಗು ಕಾಲು ಚಾಚುವುದೆಲ್ಲಿ?

ಹೊಸೂರು: ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಗಡಿನಾಡಿನ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಖರ್ಚು ಹಿಡಿತದಲ್ಲಿರಲಿ ಎಂದು ಹಿರಿಯರು ಹೇಳಿದ ಬುದ್ಧಿಮಾತು ಅದು. ಆದರೆ ಗಾದೆ ಕಟ್ಟಿದವರು ಎಲ್ಲರ ಮನೆಯಲ್ಲೂ ಒಂದು ಹಾಸಿಗೆ ಇದ್ದೇ ಇರುತ್ತದೆ ಎಂದುಕೊಂಡಿದ್ದರು. ತಳಿ, ಅಂಚೆಟ್ಟಿ, ಕೆಲಮಂಗಲ ಕಡೆಯ ಬಡವರ ಮನೆಗಳಲ್ಲಿ ಇಂದಿಗೂ ನಾಲ್ಕು ಮಕ್ಕಳಿಗೆ ಒಂದೇ ರಗ್ಗು. ಕೆಳಗೆ ಗೋಣಿಚೀಲ, ಮೇಲೆ ಅಮ್ಮನ ಹಳೆಯ ಸೀರೆ. ಅಂಚಿನಲ್ಲಿ ಮಲಗಿದ ಮಗುವಿಗೆ ನಡುರಾತ್ರಿಯ ಹೊತ್ತಿಗೆ ಹೊದಿಕೆ ಇರುವುದಿಲ್ಲ.

ಇಂಥ ಮಕ್ಕಳಿಗಾಗಿ ಚಾಪೆ, ಹೊದಿಕೆ, ಬಟ್ಟೆ, ಪುಸ್ತಕಗಳ ಗಂಟು ಹೊತ್ತು ಸ್ವಯಂಸೇವಕರು ಹಳ್ಳಿ ಶಾಲೆಗಳಿಗೆ ಬರುವುದುಂಟು. ಲಾರಿ ಬಂದು ನಿಲ್ಲುತ್ತದೆ, ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಫೋಟೋ ತೆಗೆಯುತ್ತಾರೆ, ಲಾರಿ ಹೊರಟುಹೋಗುತ್ತದೆ. ಈ ಕೆಲಸ ಎಲ್ಲಿಂದ ಶುರುವಾಯಿತು, ಹೇಗೆ ನಡೆಯುತ್ತದೆ, ಯಾರಿಗೆ ತಲುಪುತ್ತದೆ, ಯಾರಿಗೆ ತಪ್ಪಿಹೋಗುತ್ತದೆ ಎಂಬುದನ್ನು ಊರಿನವರು ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಆ ಗಂಟು ಸರಿಯಾದ ಮಗುವಿನ ಕೈ ಸೇರುವುದು ಲಾರಿ ತಂದವರಿಗಿಂತ ಹೆಚ್ಚಾಗಿ ಊರಿನವರನ್ನೇ ಅವಲಂಬಿಸಿದೆ.

ಒಂದೇ ಜಿಲ್ಲೆ, ಎರಡು ಹವೆ

ಕೃಷ್ಣಗಿರಿ ಜಿಲ್ಲೆ ಧರ್ಮಪುರಿಯಿಂದ ಬೇರೆಯಾಗಿದ್ದು 2004ರ ಫೆಬ್ರವರಿಯಲ್ಲಿ. ಜಿಲ್ಲೆ ಒಂದೇ ಆದರೂ ಹವೆ ಒಂದೇ ಅಲ್ಲ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಪ್ರಸ್ಥಭೂಮಿಯ ಮುಂದುವರಿಕೆಯೇ ಅದು. ತಳಿಯ ತಂಪು ಹವೆ ಕಂಡು ಬ್ರಿಟಿಷರು ಅದನ್ನು ‘ಲಿಟಲ್ ಇಂಗ್ಲೆಂಡ್’ ಎಂದು ಕರೆದರೆಂಬುದು ಇಲ್ಲಿನವರೆಲ್ಲ ಹೇಳುವ ಮಾತು. ದೊರೆಗಳಿಗೆ ಹಿತವಾಗಿದ್ದ ಆ ತಂಪೇ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಹೊದಿಕೆ ಇಲ್ಲದ ಮಗುವಿಗೆ ಶಿಕ್ಷೆಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಮೇಲ್ಭಾಗದ ಹಳ್ಳಿಗಳಲ್ಲಿ ರಾತ್ರಿಯ ತಾಪಮಾನ ಹಲವು ದಿನ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬೆಟ್ಟಮುಗಿಲಾಳದಂಥ ಬೆಟ್ಟದ ಊರುಗಳಲ್ಲಿ ಚಳಿ ಇನ್ನೂ ಹೆಚ್ಚು.

ಶೂಲಗಿರಿ ದಾಟಿ ಘಟ್ಟ ಇಳಿದು ಕೃಷ್ಣಗಿರಿ, ಊತಂಗರೆ ಕಡೆಗೆ ಹೋದರೆ ಕಥೆಯೇ ಬೇರೆ. ಅಲ್ಲಿ ವರ್ಷದ ಬಹುಕಾಲ ಸೆಕೆ. ಅಲ್ಲಿನ ಮಗುವಿಗೆ ದಪ್ಪ ರಗ್ಗಿಗಿಂತ ಸೊಳ್ಳೆ ಪರದೆ, ಚಾಪೆ, ತೆಳು ದುಪ್ಪಟಿ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಇಡೀ ಜಿಲ್ಲೆಗೆ ಒಂದೇ ಬಗೆಯ ಗಂಟು ಕಟ್ಟಿದರೆ ಅರ್ಧ ಜನಕ್ಕೆ ಅದು ಹೊಂದುವುದಿಲ್ಲ.

ಸರ್ಕಾರ ಕೊಡುವುದು, ಕೊಡದೆ ಉಳಿದಿರುವುದು

ಶಾಲಾ ಮಕ್ಕಳಿಗೆ ತಮಿಳುನಾಡು ಸರ್ಕಾರ ಕೊಡುವ ವಸ್ತುಗಳ ಪಟ್ಟಿ ದೊಡ್ಡದೇ. ಪಠ್ಯಪುಸ್ತಕ, ನೋಟ್‌ಬುಕ್, ಸಮವಸ್ತ್ರ, ಚೀಲ, ಪಾದರಕ್ಷೆ, ಬಣ್ಣದ ಪೆನ್ಸಿಲ್ ಎಲ್ಲವೂ ಉಚಿತ. ಬೆಟ್ಟ ಪ್ರದೇಶದ ಮಕ್ಕಳಿಗೆ ಸ್ವೆಟರ್ ಕೂಡ ಉಂಟು. ಮಧ್ಯಾಹ್ನದ ಊಟ ಮೊದಲಿನಿಂದಲೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳಗಿನ ಉಪಾಹಾರ ಶುರುವಾಗಿ 2023ರ ಆಗಸ್ಟ್‌ನಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಬಂತು. ಪೊಂಗಲ್ ಹಬ್ಬಕ್ಕೆ ದೊಡ್ಡವರಿಗೆ ಪಂಚೆ, ಸೀರೆ ಕೊಡುವ ಯೋಜನೆ 1983ರಿಂದ ನಡೆಯುತ್ತಿದೆ.

ಹೀಗೆ ಮಗುವಿನ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ವ್ಯವಸ್ಥೆ ಆಗಿದೆ. ರಾತ್ರಿಗೆ ಆಗಿಲ್ಲ. ಮನೆಯಲ್ಲಿ ಮಲಗುವ ಮಗುವಿಗೆ ಚಾಪೆ, ಹೊದಿಕೆ ಶಾಲೆಯ ಪಟ್ಟಿಯಲ್ಲಿ ಇಲ್ಲ. ಸ್ವಯಂಸೇವಾ ಸಂಸ್ಥೆಗಳು ತುಂಬಲು ನೋಡುತ್ತಿರುವುದು ಈ ಜಾಗವನ್ನು.

ನಿದ್ದೆ ಎಂದರೆ ಬರೀ ಸುಖವಲ್ಲ

ಹಸಿವಿನಷ್ಟು ನಿದ್ದೆಗೇಡು ಕಣ್ಣಿಗೆ ಕಾಣುವುದಿಲ್ಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಚಳಿಗೆ ಮುದುಡಿ, ಸೊಳ್ಳೆ ಕಡಿತಕ್ಕೆ ಮಗ್ಗುಲು ಬದಲಿಸುತ್ತ ರಾತ್ರಿ ಕಳೆದ ಮಗು ತರಗತಿಯಲ್ಲಿ ತೂಕಡಿಸುತ್ತದೆ. ಮೇಷ್ಟರ ಕಣ್ಣಿಗೆ ಅದು ಸೋಮಾರಿತನದಂತೆ ಕಾಣಬಹುದು.

ಚಳಿ ತಡೆಯಲು ಮೇಲೆ ಹೊದ್ದರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ಸಿಮೆಂಟ್ ನೆಲ ಮೈಯ ಬಿಸಿಯನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಕೆಳಗೆ ಹಾಸು ಇಲ್ಲದಿದ್ದರೆ ಎಂಥ ರಗ್ಗು ಹೊದ್ದರೂ ಬೆನ್ನು ತಣ್ಣಗೇ ಇರುತ್ತದೆ. ಗುಡಿಸಲು ಹೋಗಿ ಸಿಮೆಂಟ್ ಮನೆ ಬಂದ ಕಡೆ ಚಾಪೆ, ಜಮಖಾನದ ಅಗತ್ಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಇನ್ನೊಂದು ಅಪಾಯ ಹಾವಿನದು. ಕನ್ನಡದಲ್ಲಿ ಕಟ್ಟುಹಾವು, ತಮಿಳಿನಲ್ಲಿ ಕಟ್ಟುವಿರಿಯನ್ ಎನ್ನುವ ಹಾವು ರಾತ್ರಿ ಸಂಚರಿಸುತ್ತದೆ, ಮನೆಯೊಳಗೆ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಊತವಾಗಲಿ ಹೆಚ್ಚು ಇರದ ಕಾರಣ ಕಚ್ಚಿದ್ದು ಗೊತ್ತಾಗದೇ ಹೋಗಬಹುದು. ಬೆಳಗಿನ ಜಾವ ಮಗುವಿಗೆ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋಲುವುದು, ನುಂಗಲು ಕಷ್ಟ ಕಂಡರೆ ಮಂತ್ರ, ನಾಟಿ ಔಷಧಿ ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಸೊಳ್ಳೆ ಪರದೆಯೊಳಗೆ ಮಲಗುವವರಿಗೆ ಹಾವು ಕಡಿತದ ಅಪಾಯ ಕಡಿಮೆ ಎಂಬುದು ನೇಪಾಳದ ತೆರಾಯಿ ಭಾಗದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ಪರದೆಯ ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಿದರೆ ಮಾತ್ರ ಈ ರಕ್ಷಣೆ. ಗಂಟಿನಲ್ಲಿ ಬಂದ ಪರದೆಯನ್ನು ಮಡಚಿ ಅಟ್ಟಕ್ಕೆ ಹಾಕಿದರೆ ಏನೂ ಪ್ರಯೋಜನವಿಲ್ಲ.

ಪುಣೆಯಲ್ಲಿ 50 ಗಂಟುಗಳಿಂದ

ಮಕ್ಕಳಿಗೆಂದೇ ಹಾಸಿಗೆ ಗಂಟು ಕೊಡುವ ಕೆಲಸಕ್ಕೆ ಜಗತ್ತಿನಲ್ಲಿ ಹೆಸರಾದ ಸಂಸ್ಥೆ ಕೆನಡಾದ ‘ಸ್ಲೀಪಿಂಗ್ ಚಿಲ್ಡ್ರನ್ ಅರೌಂಡ್ ದಿ ವರ್ಲ್ಡ್’. ಟೊರಾಂಟೊದ ಮರ್ರೆ ಡ್ರೈಡನ್ ಮತ್ತು ಅವರ ಪತ್ನಿ ಮಾರ್ಗರೆಟ್ 1970ರಲ್ಲಿ ಇದನ್ನು ಶುರು ಮಾಡಿದರು. ಅವರ ಮಕ್ಕಳಾದ ಡೇವ್ ಮತ್ತು ಕೆನ್ ಐಸ್ ಹಾಕಿಯಲ್ಲಿ ಹೆಸರಾಂತ ಗೋಲ್ ಕೀಪರ್‌ಗಳಾಗಿದ್ದರು. ಮೊಟ್ಟಮೊದಲ 50 ಗಂಟುಗಳು ಹಂಚಿಕೆಯಾದದ್ದು ನಮ್ಮ ದೇಶದಲ್ಲೇ, ಪುಣೆಯಲ್ಲಿ. 2004ರಲ್ಲಿ ಮರ್ರೆ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. ಇದುವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಗಂಟು ಸಿಕ್ಕಿದೆ.

ಅವರ ಕೆಲಸದ ಕ್ರಮ ಗಮನಿಸುವಂಥದು. ಗಂಟಿನಲ್ಲಿ ಚಾಪೆ ಅಥವಾ ಹಾಸಿಗೆ, ದಿಂಬು, ದುಪ್ಪಟಿ, ಹೊದಿಕೆ, ಬೇಕಾದ ಕಡೆ ಸೊಳ್ಳೆ ಪರದೆ, ಜೊತೆಗೆ ಬಟ್ಟೆ, ಟವಲ್, ಶಾಲೆಯ ಸಾಮಾನು ಇರುತ್ತವೆ. ಊರಿನಿಂದ ಊರಿಗೆ ಅದು ಬದಲಾಗುತ್ತದೆ. ಈ ಸಾಮಾನುಗಳು ಕೆನಡಾದಿಂದ ಹಡಗಿನಲ್ಲಿ ಬರುವುದಿಲ್ಲ. ಹಂಚುವ ದೇಶದಲ್ಲೇ ಕೊಳ್ಳಬೇಕು, ಅಲ್ಲಿನ ಜನಕ್ಕೇ ಕೆಲಸ ಸಿಗಬೇಕು ಎಂಬುದು ನಿಯಮ. ದಾನಿ ಕೊಟ್ಟ ಹಣ ಪೂರ್ತಿ ಗಂಟಿಗೇ ಹೋಗುತ್ತದೆ. ಹಂಚಲು ಬರುವ ಸ್ವಯಂಸೇವಕರು ಪ್ರಯಾಣದ ಖರ್ಚನ್ನು ತಾವೇ ಭರಿಸುತ್ತಾರೆ. ಮಕ್ಕಳನ್ನು ಗುರುತಿಸುವ ಕೆಲಸ ಮಾತ್ರ ಸ್ಥಳೀಯ ಸೇವಾ ಸಂಸ್ಥೆಗಳದ್ದು. ಹಲವು ಕಡೆ ಅದನ್ನು ರೋಟರಿ ಕ್ಲಬ್‌ಗಳು ಮಾಡುತ್ತವೆ.

ಅಂಶು ಗುಪ್ತ ಕಂಡ ಇನ್ನೊಂದು ದಾರಿ

ಇದಕ್ಕಿಂತ ಬೇರೆಯಾದ ದಾರಿ ಹಿಡಿದದ್ದು ದೆಹಲಿಯ ‘ಗೂಂಜ್’. ಪತ್ರಿಕೋದ್ಯಮ ಓದಿದ್ದ ಅಂಶು ಗುಪ್ತ ಹಳೆ ದೆಹಲಿಯಲ್ಲಿ ಅನಾಥ ಶವಗಳನ್ನು ಸಾಗಿಸುವ ಒಬ್ಬ ಬಡವನನ್ನು ಕಂಡರು. ಚಳಿಯಾದಾಗ ಶವವನ್ನು ತಬ್ಬಿಕೊಂಡು ಮಲಗುತ್ತೇನೆ ಎಂದು ಅವನ ಪುಟ್ಟ ಮಗಳು ಹೇಳಿದ್ದು ಗುಪ್ತರ ಮನಸ್ಸಿನಲ್ಲಿ ಉಳಿಯಿತು. ಆ ಅನುಭವವನ್ನು ಅವರು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ. 1999ರಲ್ಲಿ ಮನೆಯಲ್ಲಿದ್ದ 67 ಬಟ್ಟೆಗಳಿಂದ ಅವರ ಕೆಲಸ ಶುರುವಾಯಿತು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಗೂಂಜ್ ಪಟ್ಟಣದವರು ಬಳಸಿದ ಬಟ್ಟೆ, ಸಾಮಾನುಗಳನ್ನು ಸಂಗ್ರಹಿಸಿ, ಆರಿಸಿ, ಸರಿಪಡಿಸಿ ಹಳ್ಳಿಗೆ ಕಳಿಸುತ್ತದೆ. ಆದರೆ ಅದನ್ನು ಭಿಕ್ಷೆಯಾಗಿ ಕೊಡುವುದಿಲ್ಲ. ಊರಿನವರು ಕೂತು ಮಾತಾಡಿ ತಮಗೆ ಬೇಕಾದ ಕೆಲಸವನ್ನು ತಾವೇ ಆರಿಸುತ್ತಾರೆ. ಬಾವಿ ತೋಡುವುದು, ಕೆರೆ ಹೂಳೆತ್ತುವುದು, ದಾರಿ ಸರಿಮಾಡುವುದು ಹೀಗೆ. ಆ ಶ್ರಮಕ್ಕೆ ಪ್ರತಿಯಾಗಿ ಬಟ್ಟೆ, ಹೊದಿಕೆ ಸಿಗುತ್ತವೆ. ತೆಗೆದುಕೊಳ್ಳುವವರ ತಲೆ ತಗ್ಗಬಾರದು ಎಂಬುದು ಇದರ ಹಿಂದಿನ ವಿಚಾರ.

ಎರಡೂ ದಾರಿಗಳಿಗೆ ಅದರದರ ಗುಣವಿದೆ. ಕೆಲಸ ಮಾಡಲಾಗದ ಮಗುವಿಗೆ ಹೊಸ ಗಂಟು ನೇರವಾಗಿ ಸಿಗುವುದೇ ಸರಿ. ದೊಡ್ಡವರ ಪಾಲಿಗೆ ದುಡಿದು ಪಡೆದದ್ದಕ್ಕೆ ಗೌರವ ಹೆಚ್ಚು.

ನಮ್ಮ ಸುತ್ತಲೇ ಸಿಗುವ ಸಾಮಾನು

ಹೊಸೂರು ಕಡೆಯ ಮಕ್ಕಳಿಗೆ ಗಂಟು ಕಟ್ಟಲು ದೂರ ಹೋಗಬೇಕಿಲ್ಲ. ದುಪ್ಪಟಿಗೆ ಕರೂರು, ಜಮಖಾನಕ್ಕೆ ಭವಾನಿ ಹೆಸರುವಾಸಿ. ಕೋರೆ ಹುಲ್ಲಿನ ಚಾಪೆ, ಅಂದರೆ ಕೋರೈ ಪಾಯ್, ಕಾವೇರಿ ಬಯಲಿನಲ್ಲಿ ನೇಯುತ್ತಾರೆ. ಕುರುಬರು ನೇಯುವ ಉಣ್ಣೆ ಕಂಬಳಿ ಚುಚ್ಚುತ್ತದೆ ನಿಜ, ಆದರೆ ಮಂಜಿನಲ್ಲೂ ಬೆಚ್ಚಗಿಡುತ್ತದೆ, ಬೆಂಕಿಯ ಕಿಡಿ ಬಿದ್ದರೆ ಬೇಗ ಹೊತ್ತಿಕೊಳ್ಳುವುದಿಲ್ಲ. ಅಗ್ಗದ ಪಾಲಿಯೆಸ್ಟರ್ ರಗ್ಗು ಮೆತ್ತಗಿದ್ದರೂ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಪಕ್ಕದಲ್ಲೇ ಮಕ್ಕಳು ಮಲಗುವ ಒಂದು ಕೋಣೆಯ ಮನೆಗಳಲ್ಲಿ ಇದನ್ನು ಯೋಚಿಸಲೇಬೇಕು. ಔಷಧಿ ಲೇಪಿಸಿದ ದೀರ್ಘಬಾಳಿಕೆಯ ಸೊಳ್ಳೆ ಪರದೆ 20 ಸಲ ಒಗೆದರೂ ಕೆಲಸ ಮಾಡುವಂಥದು, ಸುಮಾರು ಮೂರು ವರ್ಷ ಬರುತ್ತದೆ. ಅದನ್ನು ಬಿಸಿಲಲ್ಲಿ ಒಣಗಿಸದೆ ನೆರಳಲ್ಲಿ ಒಣಗಿಸಬೇಕು.

2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ ಕಾನೂನು ಬಂದಿದೆ. ಕೈಗಾರಿಕೆ ತುಂಬಿರುವ ಹೊಸೂರಿನಂಥ ಊರಿಗೆ ಇದರಿಂದ ಅನುಕೂಲವಿದೆ. ಏನು ಬೇಕೆಂದು ಊರಿನವರು ಬಾಯಿಬಿಟ್ಟು ಹೇಳದಿದ್ದರೆ ಕಂಪನಿಯವರು ತಮಗೆ ತೋಚಿದ್ದನ್ನು ತರುತ್ತಾರೆ.

ಪಟ್ಟಿಯಲ್ಲಿ ಇಲ್ಲದ ಮಗು

ಎಲ್ಲಕ್ಕಿಂತ ಮುಖ್ಯವಾದದ್ದು ಪಟ್ಟಿ. ಸಾಮಾನ್ಯವಾಗಿ ಪಟ್ಟಿ ತಯಾರಾಗುವುದು ಶಾಲೆಯ ಹಾಜರಿ ಪುಸ್ತಕದಿಂದ. ಹಾಜರಿಯಲ್ಲಿ ಹೆಸರಿರುವ ಮಗುವಿಗೆ ಗಂಟು ಸಿಗುತ್ತದೆ. ಕಲ್ಲು ಕ್ವಾರಿಯಲ್ಲೋ ಇಟ್ಟಿಗೆ ಗೂಡಿನಲ್ಲೋ ಟಾರ್ಪಾಲಿನ ಕೆಳಗೆ ಮಲಗುವ ವಲಸೆ ಕೂಲಿಯ ಮಗುವಿನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅತಿ ಹೆಚ್ಚು ಚಳಿ ಆ ಮಗುವಿಗೆ, ಆದರೆ ಗಂಟು ಪಕ್ಕದ ಶಾಲೆಯ ತನಕ ಬಂದು ನಿಲ್ಲುತ್ತದೆ.

ಇನ್ನೂ ಕೆಲವರು ಹೀಗೆಯೇ ತಪ್ಪಿಹೋಗುತ್ತಾರೆ. ನೂರಾರು ಗಂಟು ಒಂದೇ ದಿನ ಹಂಚಬೇಕಾದಾಗ ಲಾರಿ ಹೋಗುವ ರಸ್ತೆ, ಮಕ್ಕಳು ಹೆಚ್ಚಿರುವ ಶಾಲೆಯನ್ನೇ ಆರಿಸುವುದು ಸಹಜ. ಹತ್ತು ಹದಿನೈದು ಮಕ್ಕಳಿರುವ ಸಣ್ಣ ಶಾಲೆ, ಅದು ಕನ್ನಡ ಮಾಧ್ಯಮದ್ದಾಗಲಿ ತೆಲುಗಿನದ್ದಾಗಲಿ, ಲೆಕ್ಕಕ್ಕೆ ಬರುವುದಿಲ್ಲ. ಕಾಡಂಚಿನ ಇರುಳರ ಹಟ್ಟಿಗಳಿಗೆ ಲಾರಿ ಹೋಗುವುದಿಲ್ಲ. ಸಂಜೆ ಹಂಚಿಕೆ ಇಟ್ಟುಕೊಂಡರೆ ಆನೆ ಓಡಾಡುವ ದಾರಿಯ ಮಕ್ಕಳು ಬರಲಾಗುವುದಿಲ್ಲ. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ತಮಿಳಿಗೆ ಹೊಂದಿಸಿದ ಇನ್ನೊಂದು ಹೆಸರು ಇದ್ದು, ಮೈಕಿನಲ್ಲಿ ಕೂಗಿದಾಗ ಮಗು ತನ್ನದಲ್ಲವೆಂದು ಸುಮ್ಮನೆ ಕೂತಿರುವುದೂ ಉಂಟು.

ಇದಕ್ಕೆ ಪರಿಹಾರ ದುಡ್ಡಿನಲ್ಲಿ ಇಲ್ಲ. ಲಾರಿ ಬರುವ ಎರಡು ವಾರ ಮೊದಲು ಊರಿನ ಅಂಗನವಾಡಿ ಕಾರ್ಯಕರ್ತೆ, ಮಹಿಳಾ ಸಂಘದವರು, ಮೇಷ್ಟರು ಒಟ್ಟಿಗೆ ಕೂತು ಮನೆಮನೆಯ ಪಟ್ಟಿ ಮಾಡಬೇಕು. ಕ್ವಾರಿ, ಗೂಡುಗಳಿಗೂ ಒಬ್ಬರು ಹೋಗಿ ಬರಬೇಕು. ಮನೆಯಲ್ಲಿ ಕರೆಯುವ ಹೆಸರನ್ನೂ ಬರೆದುಕೊಳ್ಳಬೇಕು. ಇದರಿಂದ ಇನ್ನೊಂದು ಲಾಭವೂ ಉಂಟು. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಹೊದಿಕೆಯ ಪಟ್ಟಿಯಲ್ಲಿ ಸಿಕ್ಕ ಹೆಸರು ಶಾಲೆಯ ಹಾಜರಿಗೂ ಸೇರಿದರೆ ಆ ಮಗುವಿಗೆ ಊಟ, ಪುಸ್ತಕ ಎಲ್ಲವೂ ಸಿಗುತ್ತವೆ.

ಫೋಟೋ ಯಾರಿಗಾಗಿ?

ಹಂಚಿಕೆ ಎಂದ ಮೇಲೆ ಫೋಟೋ ಇದ್ದೇ ಇರುತ್ತದೆ. ಕೊಟ್ಟ ಹಣ ತಲುಪಿತು ಎಂಬುದಕ್ಕೆ ದಾನಿಗೆ ಒಂದು ಸಾಕ್ಷಿ ಬೇಕು. ಕೆನಡಾದ ಸಂಸ್ಥೆಯೂ ಗಂಟಿನ ಜೊತೆ ಮಗುವಿನ ಚಿತ್ರ ತೆಗೆದು ದಾನಿಗೆ ಕಳಿಸುವ ಪದ್ಧತಿ ಇಟ್ಟುಕೊಂಡಿತ್ತು. ಲೆಕ್ಕಕ್ಕಾಗಿ ತೆಗೆದ ಚಿತ್ರ ಬೇರೆ, ಪ್ರಚಾರಕ್ಕಾಗಿ ಮಗುವಿನ ಬಡತನವನ್ನು ಊರಿಗೆಲ್ಲ ತೋರಿಸುವ ಬ್ಯಾನರ್ ಬೇರೆ. ತಂದೆತಾಯಿಗಳನ್ನು ಕೇಳಿ ತೆಗೆಯಬೇಕು, ಬೇಡವೆಂದರೆ ಬಿಡಬೇಕು, ಬೇಡವೆಂದವರಿಗೂ ಗಂಟು ಸಿಗಬೇಕು. ಇಷ್ಟನ್ನು ಕೇಳುವ ಹಕ್ಕು ಊರಿನವರಿಗೆ ಇದೆ.

ಗಂಟು ಮನೆಗೆ ಬಂದ ಮೇಲೆ ಅದು ಮಗುವಿನದೇ ಆಗಿ ಉಳಿಯುವುದೂ ಮುಖ್ಯ. ಹೊಸ ರಗ್ಗು ನೆಂಟರು ಬಂದಾಗ ಹಾಸಲೆಂದು ಪೆಟ್ಟಿಗೆ ಸೇರುವುದು, ಹೆಣ್ಣು ಮಗುವಿನದು ಅಣ್ಣನ ಪಾಲಾಗುವುದು ಅಪರೂಪವಲ್ಲ. ಹಾಗಾದರೆ ದೂರದಿಂದ ಬಂದವರ ಶ್ರಮವೆಲ್ಲ ಪೆಟ್ಟಿಗೆಯೊಳಗೇ ಉಳಿಯುತ್ತದೆ.

ಚಾಪೆ ಎನ್ನಲಿ, ಪಾಯ್ ಎನ್ನಲಿ, ಚಾಪ ಎನ್ನಲಿ, ಮೂರು ಭಾಷೆಯ ಈ ಗಡಿನಾಡಿನಲ್ಲಿ ಚಳಿಗೆ ಭಾಷೆ ಇಲ್ಲ. ಮುಂದಿನ ಮಾರ್ಗಶಿರ ಬರುವ ಮೊದಲು ತಮ್ಮ ಬೀದಿಯಲ್ಲಿ ಹೊದಿಕೆ ಇಲ್ಲದೆ ಮಲಗುವ ಮಕ್ಕಳು ಎಷ್ಟು ಎಂದು ಊರಿನವರು ಒಮ್ಮೆ ಎಣಿಸಿಟ್ಟರೆ ಸಾಕು. ಲಾರಿ ಬಂದ ದಿನ ಆ ಎಣಿಕೆ ಕೈಯಲ್ಲಿರಬೇಕು.