ಕುತ್ತಿಗೆಯ ಕೀಲಿಗೆ ಸ್ಕ್ರೂ ಹಾಕಿದ ಪರೇಲ್‌ನ ಡಾಕ್ಟರ್

ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ಭಾಗದ ಕನ್ನಡ ಮನೆಗಳಲ್ಲಿ ಒಂದು ಮಾತು ಖಾಯಂ. 'ಕುತ್ತಿಗಿ ಆಪರೇಶನ್ ಮಾಡಿಸಬ್ಯಾಡ್ರಿ, ಇದ್ದ ಕೈಕಾಲೂ ಹೋಗ್ತಾವ!' ಈ ಅಂಜಿಕೆಯಿಂದಲೇ ಎಷ್ಟೋ ಜನ ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಪಟ್ಟಿ ಕಟ್ಟಿಕೊಂಡು ದಿನ ದೂಡುತ್ತಾರೆ. ಕಡೆಗೆ ನಡೆಯಲು ಆಗದಾಗ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಮುಂಬೈ ದಾರಿ ಹಿಡಿಯುತ್ತಾರೆ.

ಹಾಗೆ ಹೋದವರು ದಾದರದಲ್ಲಿ ಇಳಿದರೆ ಹತ್ತಿರದಲ್ಲೇ ಪರೇಲ್. ಅಲ್ಲಿ 1926ರಿಂದ ನಡೆಯುತ್ತಿರುವ ಮಹಾನಗರಪಾಲಿಕೆಯ ಕೆ.ಇ.ಎಂ. ಆಸ್ಪತ್ರೆ ಇದೆ. ಕುತ್ತಿಗೆಯ ಮೇಲ್ತುದಿಯ ಶಸ್ತ್ರಕ್ರಿಯೆಗೆ ಜಗತ್ತಿನ ತುಂಬ ಇಂದು ಬಳಕೆಯಲ್ಲಿರುವ ಒಂದು ಪದ್ಧತಿ ಬೆಳೆದದ್ದು ಇದೇ ಬಡವರ ಆಸ್ಪತ್ರೆಯಲ್ಲಿ ಎಂಬುದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ರೂಪಿಸಿದವರು ನರಶಸ್ತ್ರತಜ್ಞ ಡಾ. ಅತುಲ್ ಗೋಯಲ್. ದಶಕಗಳ ಕಾಲ ಅಲ್ಲಿ ಕೆಲಸ ಮಾಡಿ, ನರಶಸ್ತ್ರ ವಿಭಾಗದ ಮುಖ್ಯಸ್ಥರೂ ಆಗಿದ್ದವರು.

ಬೀಸುಕಲ್ಲಿನ ಗೂಟ

ಕುತ್ತಿಗೆಯಲ್ಲಿ ಏಳು ಎಲುಬು. ಮೊದಲನೆಯದು ಉಂಗುರದಂತಿದ್ದು ತಲೆಯ ಭಾರವನ್ನೆಲ್ಲ ಹೊರುತ್ತದೆ. ಎರಡನೆಯದರಿಂದ ಒಂದು ಗೂಟ ಮೇಲೆದ್ದು ಆ ಉಂಗುರದೊಳಗೆ ಕೂತಿರುತ್ತದೆ. ಬೀಸುಕಲ್ಲಿನ ನಡುವೆ ಗೂಟ ಇರುತ್ತದಲ್ಲ, ಹಾಗೆಯೇ. ನಾವು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದರಲ್ಲಿ ಹೆಚ್ಚು ಕಡಿಮೆ ಅರ್ಧ ಕೆಲಸ ಈ ಒಂದೇ ಜಾಗದ್ದು. ಹುಟ್ಟು ದೋಷ, ಅಪಘಾತ, ಕ್ಷಯ ಇಲ್ಲವೆ ಸಂಧಿವಾತದಿಂದ ಈ ಕೀಲು ಸಡಿಲಾದರೆ ಗೂಟ ಹಿಂದೆ ಸರಿದು ನರಹುರಿಯನ್ನು ಒತ್ತುತ್ತದೆ. ಕೈಕಾಲಿಗಷ್ಟೇ ಅಲ್ಲ, ಉಸಿರಾಟಕ್ಕೂ ಹೋಗುವ ನರಗಳ ದಾರಿ ಅದು.

ಹಿಂದೆ ಇದಕ್ಕೆ ತಂತಿಯೇ ಗತಿ. 1939ರಲ್ಲಿ ಕೆನಡಾದ ಡಾ. ಗ್ಯಾಲಿ ಬರೆದಿಟ್ಟ ಪದ್ಧತಿಯಂತೆ ಎರಡೂ ಎಲುಬನ್ನು ಹಿಂಬದಿಯಿಂದ ತಂತಿಯಲ್ಲಿ ಬಿಗಿಯುತ್ತಿದ್ದರು. ತಂತಿಯ ಹಿಡಿತ ಸಾಲದೆ, ರೋಗಿ ತಿಂಗಳುಗಟ್ಟಲೆ ಬಿರುಸು ಪಟ್ಟಿಯಲ್ಲಿ ಇರಬೇಕಾಗುತ್ತಿತ್ತು. ಅಷ್ಟಾದರೂ ಕೆಲವರಿಗೆ ಎಲುಬು ಕೂಡುತ್ತಿರಲಿಲ್ಲ.

ಕೀಲಿಗೇ ಕೈ ಹಾಕಿದರು

1988ರಿಂದ ಗೋಯಲ್ ಬೇರೆ ದಾರಿ ಹಿಡಿದರು. ಹಿಂಬದಿಯ ತೆಳು ಎಲುಬು ಬಿಟ್ಟು, ಎರಡೂ ಪಕ್ಕದಲ್ಲಿರುವ ದಪ್ಪ ಭಾಗಕ್ಕೇ ನೇರವಾಗಿ ಸ್ಕ್ರೂ ಹಾಕಿ ಪಟ್ಟಿಯಿಂದ ಜೋಡಿಸಿದರು. ಹೇಳಲು ಸುಲಭ, ಮಾಡುವುದು ಕಠಿಣ. ಅಲ್ಲಿ ಸಣ್ಣ ರಕ್ತನಾಳಗಳ ಬಲೆಯೇ ಇದೆ. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವೂ ಪಕ್ಕದಲ್ಲೇ. ಕೈ ಒಂದಿಷ್ಟು ತಪ್ಪಿದರೂ ಜೀವಕ್ಕೆ ಕುತ್ತು!

ಡಾ. ಲಾಹೇರಿ ಅವರೊಂದಿಗೆ ಈ ಪದ್ಧತಿಯನ್ನು 1994ರಲ್ಲಿ ಯುರೋಪಿನ ವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆದರೆ ಅದು ಜಗತ್ತಿನ ಕಣ್ಣಿಗೆ ಬಿದ್ದದ್ದು ತಡವಾಗಿ. 2001ರಲ್ಲಿ ಜರ್ಮನಿಯ ಡಾ. ಹಾರ್ಮ್ಸ್ ಮತ್ತು ಡಾ. ಮೆಲ್ಚರ್ ಪಟ್ಟಿಯ ಬದಲು ಸರಳು, ತಲೆ ತಿರುಗುವ ಸ್ಕ್ರೂ ಬಳಸಿ ಇಂಥದೇ ವಿಧಾನ ಪ್ರಕಟಿಸಿದಾಗ ಅದು ಹಾರ್ಮ್ಸ್ ಹೆಸರಿನಲ್ಲೇ ಓಡಾಡಿತು. ಮರುವರ್ಷ, 2002ರಲ್ಲಿ, ಗೋಯಲ್ ತಂಡ 160 ರೋಗಿಗಳ ಅನುಭವ ಮುಂದಿಟ್ಟಿತು. ಇಂದು ವೈದ್ಯರ ಪುಸ್ತಕಗಳಲ್ಲಿ ಇದು ಗೋಯಲ್–ಹಾರ್ಮ್ಸ್ ಪದ್ಧತಿ. ಪರೇಲ್‌ನ ಹೆಸರು ಮೊದಲು!

2004ರಲ್ಲಿ ಅವರು ಮತ್ತೊಂದು ಹೆಜ್ಜೆ ಇಟ್ಟರು. ಕೆಲವರಲ್ಲಿ ಆ ಗೂಟ ಮೇಲೇರಿ ತಲೆಬುರುಡೆಯ ತಳಕ್ಕೇ ನುಗ್ಗಿರುತ್ತದೆ. ಅಂಥವರಿಗೆ ಬಾಯಿಯೊಳಗಿಂದ ಗೂಟ ಕೊರೆದು ತೆಗೆಯುವ ರೂಢಿ ಇತ್ತು. ಗೂಟ ತೆಗೆಯುವ ಬದಲು ಕೀಲನ್ನು ಅಗಲಿಸಿ, ಒಳಗೆ ಆಸರೆ ಇಟ್ಟು, ಗೂಟವನ್ನೇ ಕೆಳಗಿಳಿಸಿ ಬಿಗಿ ಮಾಡಬಹುದೆಂದು ಗೋಯಲ್ ತೋರಿಸಿದರು.

ಎಲ್ಲರೂ ಒಪ್ಪಿಲ್ಲ

ಗೋಯಲ್ ಅವರ ಎಲ್ಲ ಮಾತನ್ನೂ ವೈದ್ಯಲೋಕ ಒಪ್ಪಿದೆ ಎಂದಲ್ಲ. ಹಿಮ್ಮಿದುಳಿನ ಭಾಗ ಕೆಳಗೆ ಜಾರುವ ಕಿಯಾರಿ ದೋಷಕ್ಕೂ ಕೀಲಿನ ಸಡಿಲಿಕೆಯೇ ಮೂಲ, ಎಲುಬು ಕತ್ತರಿಸಿ ಜಾಗ ಮಾಡುವುದಕ್ಕಿಂತ ಕೀಲು ಬಿಗಿ ಮಾಡಿದರೆ ಸಾಕು ಎಂಬುದು ಅವರ ವಾದ. ಇದಕ್ಕೆ ದೇಶವಿದೇಶದ ಅನೇಕ ತಜ್ಞರ ತಕರಾರು ಇದೆ. ಚರ್ಚೆ ಮುಗಿದಿಲ್ಲ.

ಈ ಆಪರೇಶನ್‌ಗೆ ಬೆಲೆಯೂ ಉಂಟು. ಕೀಲು ಬಿಗಿಯಾದ ಮೇಲೆ ಕುತ್ತಿಗೆ ಮೊದಲಿನಷ್ಟು ತಿರುಗುವುದಿಲ್ಲ. ಹಿಂದೆ ನೋಡಲು ಮೈಯನ್ನೇ ತಿರುಗಿಸಬೇಕು. ಗೋಯಲ್ ವಿಧಾನದಲ್ಲಿ ಒಂದು ನರ ಕತ್ತರಿಸುವುದರಿಂದ ತಲೆಯ ಹಿಂಭಾಗ ಜೋಮು ಹಿಡಿದಂತೆ ಉಳಿಯಬಹುದು. ಆದರೆ ಕೈಕಾಲು ಉಳಿಯುವ ಲೆಕ್ಕದ ಮುಂದೆ ಇದು ಸಣ್ಣ ಖರ್ಚು.

ತಡ ಮಾಡಬೇಡಿ

ಅಂಗಿ ಗುಂಡಿ ಹಾಕಲು ಬೆರಳು ತೊಡರುವುದು, ಗೊತ್ತಿಲ್ಲದೆ ಕಾಲಿನಿಂದ ಚಪ್ಪಲಿ ಜಾರುವುದು, ಕತ್ತಲಲ್ಲಿ ನಡೆಯುವಾಗ ಓಲಾಡುವುದು, ಕೈಯಲ್ಲಿ ಜೋಮು – ಇವು ಬರೀ 'ನಿಶ್ಶಕ್ತಿ' ಅಲ್ಲ. ನರಹುರಿ ಒತ್ತಿದ್ದರ ಲಕ್ಷಣ ಇರಬಹುದು. ಇಂಥವರು ಕುತ್ತಿಗೆ ಹಿಡಿದು ತಿರುಗಿಸುವವರ ಬಳಿ ಹೋಗಲೇಬಾರದು. ಸಡಿಲ ಕೀಲಿಗೆ ಒಂದು ಎಳೆತವೇ ಸಾಕು, ಅನಾಹುತವಾದೀತು. ಮೊದಲು ನರತಜ್ಞರಿಗೆ ತೋರಿಸಿ, ಅವರು ಹೇಳಿದರೆ ಎಂ.ಆರ್.ಐ. ಮಾಡಿಸಬೇಕು.

ಒತ್ತಡ ತೆಗೆಯುವುದು ಶಸ್ತ್ರವೈದ್ಯರ ಕೈಯಲ್ಲಿದೆ. ಬಹಳ ದಿನ ಒತ್ತಿಸಿಕೊಂಡು ಸತ್ತ ನರವನ್ನು ಬದುಕಿಸುವುದು ಯಾರ ಕೈಯಲ್ಲೂ ಇಲ್ಲ. ಆಪರೇಶನ್ ಮಾಡಿಸಿಕೊಂಡದ್ದಕ್ಕೇ ಕೈಕಾಲು ಹೋದವು ಅಂತ ಊರಲ್ಲಿ ಹೇಳ್ತಾರೆ. ತಡವಾಗಿ ಹೋದದ್ದಕ್ಕೆ ಎಷ್ಟು ಜನರ ಕೈಕಾಲು ಹೋದವು ಅನ್ನೋ ಲೆಕ್ಕ ಮಾತ್ರ ಯಾರೂ ಇಡೋದಿಲ್ಲ.