ನೆಲ ಮುಟ್ಟುವ ಮೊದಲೇ ಸಜ್ಜಾಗಬೇಕಾದ ಮಂಡಿ

ಆಟವಾಡುವ ಮಕ್ಕಳ ಮಂಡಿ, ಮೀನಖಂಡ, ಭುಜಗಳ ಮೇಲೆ ಈಚಿನ ವರ್ಷಗಳಲ್ಲಿ ನೀಲಿ, ಗುಲಾಬಿ, ಕಪ್ಪು ಬಣ್ಣದ ಪಟ್ಟಿಗಳು ಕಾಣಿಸಿಕೊಳ್ಳುತ್ತಿವೆ. ಇದರ ಹೆಸರು ಕಿನಿಸಿಯೊ ಟೇಪ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲೆ ಇದನ್ನು ಕಂಡ ಜಗತ್ತು ಮರುದಿನದಿಂದಲೇ ಅಂಗಡಿಗಳಲ್ಲಿ ಹುಡುಕತೊಡಗಿತು. ಈಗ ಅದು ಮಹಾನಗರದ ಒಳಾಂಗಣ ಅಂಕಣಗಳಿಂದ ಜಿಲ್ಲಾ ಕೇಂದ್ರದ ಔಷಧಿ ಅಂಗಡಿಗಳವರೆಗೂ ಬಂದಿದೆ.

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಹೋಬಳಿಯಲ್ಲಿ ಮಕ್ಕಳ ಆಟವೆಂದರೆ ಹೆಚ್ಚಾಗಿ ಖೋ-ಖೋ, ಕಬಡ್ಡಿ, ವಾಲಿಬಾಲ್, ಥ್ರೋಬಾಲ್. ಬ್ಯಾಸ್ಕೆಟ್‌ಬಾಲ್‌ಗೆ ಒಳ್ಳೆಯ ಅಂಕಣ ಬೇಕೆಂದರೆ ಸಾಮಾನ್ಯವಾಗಿ ಪಟ್ಟಣದ ಕಡೆಗೇ ಮುಖ ಮಾಡಬೇಕು. ಆದರೂ ಆಸೆ ಚಿಗುರಲು ಕಾರಣಗಳಿವೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ಮಹಿಳಾ ತಂಡ ಕಜಕಸ್ತಾನವನ್ನು 75–73ರಿಂದ ಮಣಿಸಿ ಏಷ್ಯಾ ಕಪ್‌ನ ‘ಬಿ’ ವಿಭಾಗ ಗೆದ್ದಿತು. ಹಳ್ಳಿಯಿಂದ ಕ್ರೀಡಾ ವಸತಿ ಶಾಲೆಗೋ ಪಟ್ಟಣದ ಕಾಲೇಜಿಗೋ ಸೇರಿ ಈ ಆಟ ಹಿಡಿಯುವ ಮಗುವಿಗೆ ಹದಿಮೂರು–ಹದಿನಾಲ್ಕರ ವಯಸ್ಸಿನಲ್ಲಿ ಮಂಡಿ ನೋವು ಕಾಣಿಸಿಕೊಂಡರೆ ಏನು ಮಾಡಬೇಕು? ಪಟ್ಟಿ ಅಂಟಿಸಿ ಆಡಿಸುವುದೇ, ಅಥವಾ ಕೆಲವು ವಾರ ಕೂತು ತಿದ್ದುವ ವ್ಯಾಯಾಮ ಮಾಡಿಸುವುದೇ? ಉತ್ತರ ಹುಡುಕಬೇಕಾದದ್ದು ಮಗು ಗಾಳಿಯಲ್ಲಿರುವ ಆ ಅರೆಗಳಿಗೆಯಲ್ಲಿ.

ಇಳಿಯುವ ಕ್ಷಣದ ಲೆಕ್ಕ

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಹತ್ತು ಅಡಿ ಎತ್ತರಕ್ಕೆ ತೂಗುಹಾಕಿದ ಬುಟ್ಟಿ ಇಂದಿಗೂ ಅದೇ ಎತ್ತರದಲ್ಲಿದೆ. ಹಾಗಾಗಿ ಜಿಗಿತವೇ ಈ ಆಟದ ಜೀವ. ಆಸ್ಟ್ರೇಲಿಯಾದ ಆಟಗಾರರನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಸರಾಸರಿ 46 ಬಾರಿ ಜಿಗಿಯುತ್ತಾನೆ; ಹೆಚ್ಚುಕಡಿಮೆ ಎರಡು ಸೆಕೆಂಡಿಗೊಮ್ಮೆ ಓಟದ ವೇಗವನ್ನೋ ದಿಕ್ಕನ್ನೋ ಬದಲಿಸುತ್ತಾನೆ. ಜಿಗಿದಷ್ಟೂ ಸಲ ಇಳಿಯಲೇಬೇಕು. ಅದೇ ದೇಶದಲ್ಲಿ 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಪಾದದ ಕೀಲಿನ ಗಾಯಗಳ ಪೈಕಿ ಶೇ 45ರಷ್ಟು ಆದದ್ದು ಇಳಿಯುವಾಗಲೇ. ಹಿಂದೆ ಒಮ್ಮೆ ಕಾಲು ಉಳುಕಿದ್ದವರಿಗೆ ಮತ್ತೆ ಉಳುಕುವ ಸಂಭವ ಸುಮಾರು ಐದು ಪಟ್ಟು ಹೆಚ್ಚಿತ್ತು.

ಮಂಡಿಯ ವಿಷಯ ಇನ್ನೂ ಗಂಭೀರ. ಇಳಿಯುವಾಗ ಮಂಡಿ ಪಾದದ ನೇರಕ್ಕೆ ಬಾಗಬೇಕು. ಕೆಲವು ಮಕ್ಕಳಲ್ಲಿ ಎರಡೂ ಮಂಡಿಗಳು ಒಳಕ್ಕೆ ವಾಲಿ ಒಂದನ್ನೊಂದು ಮುಟ್ಟುವಂತಾಗುತ್ತವೆ. ಅಮೆರಿಕದ ತಿಮೋತಿ ಹೀವೆಟ್ ತಂಡ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಆಡುವ 205 ಹುಡುಗಿಯರನ್ನು 31 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ಇಳಿಸಿ ಕ್ಯಾಮೆರಾದಲ್ಲಿ ಅಳೆಯಿತು. ಮುಂದೆ ಅವರಲ್ಲಿ ಒಂಬತ್ತು ಮಂದಿಗೆ ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು, ಅಂದರೆ ಎಸಿಎಲ್ ಹರಿಯಿತು. ಆ ಒಂಬತ್ತು ಮಂದಿಯ ಮಂಡಿ ಉಳಿದವರಿಗಿಂತ ಸರಾಸರಿ 8 ಡಿಗ್ರಿ ಹೆಚ್ಚು ಒಳಕ್ಕೆ ವಾಲುತ್ತಿತ್ತು ಎಂದು 2005ರ ವರದಿ ಹೇಳಿತು. ಗಾಯವಾಗುವ ಮೊದಲೇ ಗಾಯದ ಸುಳಿವು ಇಳಿಯುವ ರೀತಿಯಲ್ಲಿ ಇತ್ತು.

ಎಸಿಎಲ್ ಎಷ್ಟು ಬೇಗ ಹರಿಯುತ್ತದೆ? ಹ್ಯಾಂಡ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಹತ್ತು ಗಾಯಗಳ ವಿಡಿಯೊಗಳನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡಿದ ಸಂಶೋಧಕರು 2010ರಲ್ಲಿ ಉತ್ತರ ಕೊಟ್ಟರು: ಪಾದ ನೆಲ ತಾಗಿದ ಸುಮಾರು 40 ಮಿಲಿ ಸೆಕೆಂಡಿನೊಳಗೆ. ಒಂದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ. ನೆಲ ತಾಗಿದ ಸುದ್ದಿ ನರಗಳಲ್ಲಿ ಹರಿದು, ಆಜ್ಞೆ ಮರಳಿ, ಸ್ನಾಯು ಬಿಗಿದು, ಅದರ ಬಲ ಮಂಡಿಗೆ ಸಿಗುವ ಹೊತ್ತಿಗೆ ಇದಕ್ಕಿಂತ ಹೆಚ್ಚು ಸಮಯ ಕಳೆದಿರುತ್ತದೆ. ಹಾಗಾದರೆ ಮಂಡಿಯನ್ನು ಕಾಪಾಡುವ ಸ್ನಾಯುಗಳು ಕಾಲು ಇನ್ನೂ ಗಾಳಿಯಲ್ಲಿರುವಾಗಲೇ ಬಿಗಿದು ಸಿದ್ಧವಾಗಿರಬೇಕು. ಕತ್ತಲೆಯಲ್ಲಿ ಮೆಟ್ಟಿಲು ಇಳಿಯುತ್ತಾ, ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು ಸಮನೆಲ ಸಿಕ್ಕಾಗ ಇಡೀ ಮೈ ದಡಕ್ಕೆನ್ನುತ್ತದಲ್ಲ, ಅದು ಈ ಪೂರ್ವಸಿದ್ಧತೆ ತಪ್ಪಿದ್ದರ ಅನುಭವ. ಮೆದುಳು ಪ್ರತಿ ಹೆಜ್ಜೆಯನ್ನೂ ಮುಂಚಿತವಾಗಿ ಊಹಿಸಿಯೇ ಇಡುತ್ತದೆ. ಆ ಊಹೆ ಅಭ್ಯಾಸದಿಂದ ಬರುತ್ತದೆ.

ಬೆಳೆಯುವ ವಯಸ್ಸಿನಲ್ಲಿ ಈ ಊಹೆಯೇ ಹಳತಾಗಿಬಿಡುತ್ತದೆ. ಹುಡುಗಿಯರು ಹನ್ನೆರಡರ ಸುಮಾರಿಗೆ, ಹುಡುಗರು ಹದಿನಾಲ್ಕರ ಸುಮಾರಿಗೆ ವರ್ಷಕ್ಕೆ ಎಂಟು–ಹತ್ತು ಸೆಂ.ಮೀ.ವರೆಗೂ ಎತ್ತರವಾಗುತ್ತಾರೆ. ಮೂಳೆ ಉದ್ದವಾದಷ್ಟು ಬೇಗ ಸ್ನಾಯುವಿನ ಬಲ, ಹತೋಟಿ ಹೊಂದಿಕೊಳ್ಳುವುದಿಲ್ಲ. ಮಂಡಿಚಿಪ್ಪಿನ ಕೆಳಗೆ, ಕಣಕಾಲ ಮೂಳೆಯ ಮೇಲ್ತುದಿಯಲ್ಲಿ ಗಂಟಿನಂತೆ ಉಬ್ಬಿ ಮುಟ್ಟಿದರೆ ನೋಯುವ ಆಸ್‌ಗುಡ್–ಶ್ಲಾಟರ್ ತೊಂದರೆ ಬರುವುದೂ ಇದೇ ವಯಸ್ಸಿನಲ್ಲಿ.

ಪಟ್ಟಿಯ ಶಕ್ತಿ ಎಷ್ಟು?

ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ ಈ ಪಟ್ಟಿ ಹತ್ತಿಯದು, ರಬ್ಬರಿನಂತೆ ಹಿಗ್ಗುತ್ತದೆ, ಹಿಂಬದಿಗೆ ಅಕ್ರಿಲಿಕ್ ಅಂಟು. ತನ್ನ ಉದ್ದದ ಒಂದೂವರೆ ಪಟ್ಟಿನಷ್ಟು ಎಳೆಯಬಹುದು. ಸ್ನಾನ ಮಾಡಿದರೂ ಮೂರು–ನಾಲ್ಕು ದಿನ ಉಳಿಯುತ್ತದೆ. ಎಳೆದು ಅಂಟಿಸಿದಾಗ ಚರ್ಮ ಅಲೆ ಅಲೆಯಾಗಿ ಮೇಲೇಳುತ್ತದೆ, ಅದರಡಿ ರಕ್ತ, ದುಗ್ಧರಸ ಸಲೀಸಾಗಿ ಹರಿಯುತ್ತವೆ, ನೋವು ಇಳಿಯುತ್ತದೆ, ಸ್ನಾಯುವಿಗೆ ಬಲ ಬರುತ್ತದೆ ಎಂಬುದು ಇದರ ಪರವಾಗಿ ಹೇಳುತ್ತಾ ಬಂದ ಮಾತು.

ಇದನ್ನು ಪರೀಕ್ಷಿಸಿದವರು ಜಾಣತನದಿಂದ ಪರೀಕ್ಷಿಸಿದ್ದಾರೆ. ಬ್ರೆಜಿಲ್‌ನಲ್ಲಿ ಹಳೆಯ ಬೆನ್ನುನೋವಿದ್ದ 148 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಪಟ್ಟಿಯನ್ನು ಎಳೆದು ಚರ್ಮದ ಅಲೆ ಏಳುವಂತೆ ಅಂಟಿಸಿದರು. ಉಳಿದವರಿಗೆ ಎಳೆಯದೆ, ಅಲೆಯಿಲ್ಲದೆ ಅಂಟಿಸಿದರು. 2014ರ ವರದಿಯ ಪ್ರಕಾರ ಎರಡೂ ಗುಂಪುಗಳಿಗೆ ಸಿಕ್ಕ ಫಲ ಒಂದೇ. ಅಲೆಯಿಂದಲೇ ಗುಣವೆಂಬ ವಾದ ಅಲ್ಲಿ ನಿಲ್ಲಲಿಲ್ಲ. ಹಾಂಕಾಂಗ್‌ನಲ್ಲಿ 2015ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಿನಿಸಿಯೊ ಟೇಪ್ ಬಗ್ಗೆ ಗೊತ್ತಿರದ ಮೂವತ್ತು ಮಂದಿಯನ್ನು ಆರಿಸಿ, ಅವರ ಕಣ್ಣಿಗೆ ಬಟ್ಟೆ ಕಟ್ಟಿ, ತೊಡೆಗೆ ಅಂಟಿಸುತ್ತಿರುವುದು ಸ್ನಾಯುವಿನ ಚಟುವಟಿಕೆ ಅಳೆಯುವ ಸಾಧನ ಎಂದು ನಂಬಿಸಿದರು. ನಿಜವಾದ ರೀತಿಯಲ್ಲಿ ಅಂಟಿಸಿದಾಗ, ತೋರಿಕೆಗೆ ಅಂಟಿಸಿದಾಗ, ಏನೂ ಅಂಟಿಸದಿದ್ದಾಗ, ಮೂರೂ ಸಲ ತೊಡೆಯ ಬಲ ಒಂದೇ ಆಗಿತ್ತು. ಬಲ ಹೆಚ್ಚುತ್ತದೆ ಎಂಬ ನಿರೀಕ್ಷೆ ತೆಗೆದುಹಾಕಿದರೆ ಬಲವೂ ಹೆಚ್ಚಲಿಲ್ಲ.

ಹಾಗೆಂದು ಪಟ್ಟಿಗೆ ಬೆಲೆಯೇ ಇಲ್ಲವೆಂದಲ್ಲ. ಅಂಟಿಸಿದ ಕೆಲವು ದಿನ ಕೆಲವರಿಗೆ ನೋವು ತುಸು ಇಳಿಯುತ್ತದೆ. ಚರ್ಮದ ಮೇಲೆ ಒಂದು ಎಳೆತ ಇರುವುದರಿಂದ ಆ ಕೀಲಿನ ಕಡೆ ಗಮನ ಉಳಿಯುತ್ತದೆ. ಕಾಲೂರಲು ಹೆದರುವ ಮಗುವಿಗೆ ಧೈರ್ಯ ಬರುತ್ತದೆ. ತೊಡೆಯಿಂದ ಮಂಡಿಯವರೆಗೆ ಸುತ್ತಿ ಅಂಟಿಸಿ ಮಂಡಿಯ ವಾಲಿಕೆ ಅಳೆದ ಪ್ರಯೋಗಗಳಲ್ಲಿ ಕೆಲವು ತಕ್ಷಣದ ಸಣ್ಣ ಸುಧಾರಣೆ ಕಂಡಿವೆ, ಕೆಲವು ಏನನ್ನೂ ಕಂಡಿಲ್ಲ. ದೇಹದ ತೂಕದ ಹಲವು ಪಟ್ಟು ಬಲ ಬೀಳುವ ಇಳಿತದಲ್ಲಿ ಹಿಗ್ಗುವ ಹತ್ತಿಬಟ್ಟೆ ಕೀಲನ್ನು ಹಿಡಿದು ನಿಲ್ಲಿಸುವುದು ಸಾಧ್ಯವಿಲ್ಲದ ಮಾತು.

ಇಲ್ಲಿ ಒಂದು ಗೊಂದಲ ಬಗೆಹರಿಯಬೇಕು. ಲೇಸು ಬಿಗಿದು ಕಟ್ಟುವ ಪಾದದ ಕವಚ, ಅಂದರೆ ಆಂಕಲ್ ಬ್ರೇಸ್, ಬೇರೆಯೇ ವಸ್ತು. ಅಮೆರಿಕದ 1,460 ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲಿನ 2011ರ ಅಧ್ಯಯನದಲ್ಲಿ ಅದನ್ನು ಕಟ್ಟಿದವರಲ್ಲಿ ಪಾದದ ಕೀಲಿನ ಗಾಯ ಮೂರನೇ ಒಂದು ಭಾಗಕ್ಕೆ ಇಳಿಯಿತು. ಅದು ಕೀಲು ಹೊರಳದಂತೆ ನಿಜವಾಗಿಯೂ ತಡೆಯುತ್ತದೆ. ಪದೇ ಪದೇ ಕಾಲು ಉಳುಕುವ ಮಗುವಿಗೆ ಖರ್ಚು ಮಾಡುವುದಿದ್ದರೆ ಬಣ್ಣದ ಪಟ್ಟಿಗಿಂತ ಇದಕ್ಕೆ ಮಾಡುವುದು ಮೇಲು.

ವ್ಯಾಯಾಮ ತಿದ್ದುವುದು ಏನನ್ನು?

ಮಂಡಿ ಒಳಕ್ಕೆ ವಾಲುವ ದೋಷ ಬಹಳ ಸಲ ಮಂಡಿಯದ್ದಲ್ಲ. ಸೊಂಟದ ಪಕ್ಕದ ಮತ್ತು ಪಿರ್ರೆಯ ಸ್ನಾಯುಗಳು ದುರ್ಬಲವಾಗಿದ್ದರೆ ತೊಡೆಮೂಳೆ ಒಳಕ್ಕೆ ತಿರುಗುತ್ತದೆ. ಮೀನಖಂಡ ಬಿಗಿಯಾಗಿದ್ದರೆ ಪಾದದ ಕೀಲು ಸಾಕಷ್ಟು ಬಾಗದೆ ಪಾದ ಚಪ್ಪಟೆಯಾಗಿ ಒಳಕ್ಕೆ ಬೀಳುತ್ತದೆ. ಮೇಲಿನಿಂದಲೂ ಕೆಳಗಿನಿಂದಲೂ ಬಂದ ತಪ್ಪು ನಡುವೆ ಇರುವ ಮಂಡಿಯಲ್ಲಿ ಕಾಣಿಸುತ್ತದೆ. ನೋಯುವ ಜಾಗಕ್ಕೆ ಪಟ್ಟಿ ಅಂಟಿಸಿದರೆ ಈ ಎರಡೂ ಮೂಲಗಳು ಹಾಗೇ ಉಳಿಯುತ್ತವೆ.

ತಿದ್ದುವ ವ್ಯಾಯಾಮಕ್ಕೆ ಒಂದು ಕ್ರಮವಿದೆ. ಬಿಗಿದದ್ದನ್ನು ಮೊದಲು ಸಡಿಲಿಸು, ಹಿಗ್ಗಿಸು, ಸೋತದ್ದನ್ನು ಬಲಪಡಿಸು, ಕೊನೆಗೆ ಎಲ್ಲವನ್ನೂ ಆಟದ ಚಲನೆಯೊಳಗೆ ಕೂಡಿಸು. ಈ ಕೊನೆಯ ಹಂತ ಬಿಟ್ಟರೆ ಸ್ನಾಯು ಬಲವಾಗುತ್ತದೆ, ಇಳಿಯುವ ಚಾಳಿ ಮಾತ್ರ ಬದಲಾಗುವುದಿಲ್ಲ. ಗಾಳಿಯಲ್ಲಿರುವಾಗಲೇ ಸ್ನಾಯು ಬಿಗಿಯುವುದನ್ನು ಮೆದುಳು ಕಲಿಯುವುದು ಸರಿಯಾಗಿ ಇಳಿದು ಇಳಿದೇ.

ಫಲ ಗಾಯಗಳ ಲೆಕ್ಕದಲ್ಲೇ ಸಿಕ್ಕಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹೈಸ್ಕೂಲುಗಳ 765 ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಒಂಟಿಕಾಲ ಸಮತೋಲನ ಅಭ್ಯಾಸ ಮಾಡಿದವರ ಪೈಕಿ ಶೇ 6.1ರಷ್ಟು ಮಂದಿಗೆ ಕಾಲು ಉಳುಕಿದರೆ, ಮಾಡದವರಲ್ಲಿ ಅದು ಶೇ 9.9 ಆಗಿತ್ತು. ಕೆನಡಾದಲ್ಲಿ 12ರಿಂದ 18 ವರ್ಷದ 920 ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಅಭ್ಯಾಸದಿಂದ ದಿಢೀರನೆ ಆಗುವ ಗಾಯಗಳು ಶೇ 29ರಷ್ಟು ತಗ್ಗಿದವು. ಕಿನಿಸಿಯೊ ಟೇಪ್‌ನ ಪರವಾಗಿ ಇದಕ್ಕೆ ಸರಿಗಟ್ಟುವ ಪುರಾವೆ ಇಲ್ಲ.

ಎರಡನ್ನೂ ಮುಖಾಮುಖಿ ಹೋಲಿಸುವ ಅಧ್ಯಯನಗಳು ಬಹುಮಟ್ಟಿಗೆ ಚಿಕ್ಕವು, ಆರೆಂಟು ವಾರಗಳವು. ಅವನ್ನು ಓದುವಾಗ ಒಂದು ಪ್ರಶ್ನೆ ಕೈಯಲ್ಲಿರಲಿ: ಮಂಡಿಯನ್ನು ಅಳೆದದ್ದು ಪಟ್ಟಿ ಇದ್ದಾಗಲೋ, ತೆಗೆದ ಮೇಲೋ? ಪಟ್ಟಿ ಇದ್ದಾಗಿನ ಸುಧಾರಣೆ ಪಟ್ಟಿಯ ಜೊತೆಗೇ ಹೋಗುವಂಥದ್ದಾದರೆ ಮಗು ಏನನ್ನೂ ಕಲಿತಂತಾಗಲಿಲ್ಲ.

ಹೋಬಳಿ ಶಾಲೆಯ ಹದಿನೈದು ನಿಮಿಷ

ಕೊತ್ತಗೆರೆಯ ಯಾವ ಶಾಲೆಯಲ್ಲಾದರೂ ಈ ತಿದ್ದುವ ವ್ಯಾಯಾಮ ಮಾಡಿಸಬಹುದು. ಮೊದಲು ಪರೀಕ್ಷೆ. ಒಂದಡಿ ಎತ್ತರದ ಜಗಲಿಯಿಂದ ಮಗು ಎರಡೂ ಕಾಲಲ್ಲಿ ಇಳಿದು ತಕ್ಷಣ ಮೇಲಕ್ಕೆ ಜಿಗಿಯಲಿ. ಪಿ.ಇ. ಮೇಷ್ಟ್ರು ಎದುರಿಗೆ ನಿಂತು ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಲಿ. ಮಂಡಿ ಹೆಬ್ಬೆರಳನ್ನು ದಾಟಿ ಒಳಕ್ಕೆ ಬರುತ್ತಿದೆಯೇ? ಧೊಪ್ಪೆಂದು ಸದ್ದಾಗುತ್ತಿದೆಯೇ? ಒಂದು ಕಾಲಿಗೇ ಭಾರ ಬೀಳುತ್ತಿದೆಯೇ? ಆ ವಿಡಿಯೊವನ್ನು ಮಗುವಿಗೂ ತೋರಿಸಬೇಕು. ತಾನು ಇಳಿಯುವುದನ್ನು ಕಂಡ ಮಗು ಅರ್ಧ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ.

ಆಮೇಲೆ ವಾರಕ್ಕೆ ಮೂರು ದಿನ, ಆಟಕ್ಕೆ ಮೊದಲು ಹದಿನೈದು ನಿಮಿಷ. ಗೋಡೆಗೆ ಕೈಕೊಟ್ಟು ಹಿಮ್ಮಡಿ ಏಳದಂತೆ ಮೀನಖಂಡ ಹಿಗ್ಗಿಸುವುದು. ಹಳೆಯ ಸೈಕಲ್ ಟ್ಯೂಬನ್ನು ಉಂಗುರವಾಗಿ ಕಟ್ಟಿ ಮಂಡಿಗಿಂತ ಮೇಲೆ ಹಾಕಿಕೊಂಡು, ಅದು ಸಡಿಲವಾಗದಂತೆ ಅಡ್ಡಡ್ಡ ಹೆಜ್ಜೆ ಹಾಕುವುದು; ಸೊಂಟದ ಪಕ್ಕ ಉರಿಯತೊಡಗಿದರೆ ಸರಿಯಾದ ಸ್ನಾಯು ಕೆಲಸ ಮಾಡುತ್ತಿದೆ ಎಂದರ್ಥ. ಮಂಡಿ ಪಾದದ ನೇರಕ್ಕೇ ಇರುವಂತೆ ನಿಧಾನವಾಗಿ ಬಸ್ಕಿ. ಒಂಟಿಕಾಲಲ್ಲಿ ನಿಂತು ಜೊತೆಗಾರನಿಂದ ಚೆಂಡು ಹಿಡಿದು ಎಸೆಯುವುದು. ಕಡೆಗೆ ಜಿಗಿದು, ಸದ್ದಿಲ್ಲದೆ ಇಳಿದು, ಮೂರು ಎಣಿಸುವವರೆಗೆ ಅಲುಗದೆ ನಿಲ್ಲುವುದು. ಕುಂಟೆಬಿಲ್ಲೆ ಆಡಿದ ಮಕ್ಕಳಿಗೆ ಇದು ಹೊಸದೇನಲ್ಲ. ಒಂಟಿಕಾಲಲ್ಲಿ ಮನೆಯಿಂದ ಮನೆಗೆ ಹಾರಿ ಗೆರೆ ತುಳಿಯದೆ ನಿಲ್ಲುವುದರಲ್ಲಿ ಇದೇ ಹತೋಟಿ ಇದೆ. ಖೋ-ಖೋ, ವಾಲಿಬಾಲ್ ಆಡುವ ಮಕ್ಕಳಿಗೂ ಇದೇ ಅಭ್ಯಾಸ ಹೊಂದುತ್ತದೆ. ಆರರಿಂದ ಎಂಟು ವಾರ ತಪ್ಪದೆ ಮಾಡಿದರೆ ವ್ಯತ್ಯಾಸ ಕಾಣತೊಡಗುತ್ತದೆ. ಮತ್ತೆ ಜಗಲಿಯಿಂದ ಇಳಿಸಿ ಹಳೆಯ ವಿಡಿಯೊ ಪಕ್ಕ ಇಟ್ಟು ನೋಡಿ.

ನೋವು ಬಾಧಿಸುತ್ತಿದ್ದು, ಫಿಸಿಯೊಥೆರಪಿಸ್ಟ್ ಸಲಹೆ ಕೊಟ್ಟರೆ, ವ್ಯಾಯಾಮ ಶುರುಮಾಡಲು ಆಸರೆಯಾಗಿ ಪಟ್ಟಿ ಅಂಟಿಸಬಹುದು. ತುರಿಕೆ, ಗುಳ್ಳೆ ಬಂದರೆ ತೆಗೆಯಬೇಕು. ಎಣ್ಣೆ ಹಚ್ಚಿ, ಕೂದಲು ಬೆಳೆದ ದಿಕ್ಕಿಗೆ ಬಿಡಿಸಿದರೆ ಚರ್ಮ ಕೀಳುವುದಿಲ್ಲ. ನೋವು ಮುಚ್ಚಿಟ್ಟು ಪಂದ್ಯ ಆಡಿಸಲು ಮಾತ್ರ ಅದನ್ನು ಬಳಸಕೂಡದು. ಕಾಲು ಉಳುಕಿದ ಮಗು ನಾಲ್ಕು ಹೆಜ್ಜೆಯನ್ನೂ ಊರಲಾಗದಿದ್ದರೆ, ಗಿಣ್ಣಿನ ಮೂಳೆ ಒತ್ತಿದಾಗ ಚೀರಿದರೆ, ಮಂಡಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಉಳುಕು ನೀವಿಸುತ್ತಾ ಕೂರದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಸಿಎಲ್ ಹರಿದವರಲ್ಲಿ ಸುಮಾರು ಅರ್ಧದಷ್ಟು ಜನ ಹತ್ತಿಪ್ಪತ್ತು ವರ್ಷಗಳೊಳಗೆ ಮಂಡಿ ಸವೆತದ ನೋವು ಅನುಭವಿಸುತ್ತಾರೆ. ಹದಿನೈದರಲ್ಲಿ ಬಿದ್ದ ಹುಡುಗಿ ಮೂವತ್ತೈದರಲ್ಲಿ ಮೆಟ್ಟಿಲು ಹತ್ತಲು ಕಷ್ಟಪಡಬಹುದು ಎಂದರ್ಥ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಸುಮಾರು ಮೂರು ಪಟ್ಟು ಹೆಚ್ಚು. ಹೊಲದ ಕೆಲಸ, ಮನೆಯ ಕೆಲಸ ಎರಡನ್ನೂ ನೆಲದ ಮೇಲೆ ಕೂತೆದ್ದೇ ಮಾಡಬೇಕಾದ ಊರುಗಳಲ್ಲಿ ಮಂಡಿ ಹೋದರೆ ಆಟವೊಂದೇ ಹೋಗುವುದಿಲ್ಲ. ಕ್ರೀಡಾಕೂಟಗಳ ಋತು ಶುರುವಾಗುವ ಎರಡು ತಿಂಗಳ ಮೊದಲು ದೈಹಿಕ ಶಿಕ್ಷಣ ಶಿಕ್ಷಕರಿಗೆ ಒಂದು ದಿನದ ತರಬೇತಿ ಕೊಟ್ಟು, ಹೋಬಳಿಯ ಪ್ರತಿ ಶಾಲೆಯಲ್ಲೂ ಈ ಹದಿನೈದು ನಿಮಿಷವನ್ನು ಆಟದ ಪೀರಿಯಡ್‌ನ ಕಡ್ಡಾಯ ಭಾಗ ಮಾಡಬೇಕು. ದುಡ್ಡು ಬೇಕಿಲ್ಲ, ಗಮನ ಬೇಕು. ಮತ್ತು ಮಕ್ಕಳಿಗೆ ಜಿಗಿಯುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಇಳಿಯುವುದನ್ನೂ ಕಲಿಸಬೇಕೆಂಬ ತೀರ್ಮಾನ ಬೇಕು.